ನಿಟ್ಟೂರಿನ ಕಲ್ಲು, ಕಾಲಾಕೋಟಿನ ಕಲ್ಲು: ತಿಮಿಂಗಿಲ ಕುಲದ ಚರಿತ್ರೆಯ ಕೆಲವು ಪುಟಗಳು

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಸೇರಿದ ನಿಟ್ಟೂರು, ಹನ್ನೆರಡನೆಯ ಶತಮಾನದ ಹೊಯ್ಸಳ ಶೈಲಿಯ ಶಾಂತೀಶ್ವರ ಬಸದಿಯಿಂದ ಚರಿತ್ರೆಯ ಅಭ್ಯಾಸಿಗಳಿಗೆ ಪರಿಚಿತವಾದ ಊರು. ಈ ಊರನ್ನು ತಿಮಿಂಗಿಲದ ಚರಿತ್ರೆಯೊಡನೆ ಹೆಸರಿಸುವುದು ಮೇಲುನೋಟಕ್ಕೆ ವಿಚಿತ್ರವೆನಿಸಬಹುದು. ಕಡಲು ಇಲ್ಲಿಂದ ಬಹುದೂರ. ಇಲ್ಲಿನ ನೆಲದಡಿಯ ಶಿಲೆಯೂ ತಿಮಿಂಗಿಲಕ್ಕಿಂತ ಎಷ್ಟೋ ಪಾಲು ಹಳೆಯದು. ಗುಬ್ಬಿ, ಚಿಕ್ಕನಾಯಕನಹಳ್ಳಿಗಳ ಕಡೆ ಹಾದುಹೋಗುವ ಚಿತ್ರದುರ್ಗ ಶಿಲಾಪಟ್ಟಿಯೂ ಅದರ ಸುತ್ತಲಿನ ನೈಸ್ ಶಿಲೆಯೂ 250 ಕೋಟಿ ವರ್ಷಗಳಿಗಿಂತ ಹಿಂದಿನವು. ಆ ಪಟ್ಟಿಯ ಸುಣ್ಣಕಲ್ಲಿನ ಪದರಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಎಂಬ ರಚನೆಗಳು ದೊರೆತಿವೆಯೇ ಹೊರತು ಮೂಳೆಯಾಗಲಿ ಚಿಪ್ಪಾಗಲಿ ದೊರೆಯುವಂತಿಲ್ಲ. ಅವು ಹುಟ್ಟುವ ಕಾಲವೇ ಆಗ ಇನ್ನೂ ಬಂದಿರಲಿಲ್ಲ.

ಹಾಗಿದ್ದರೂ ತಿಮಿಂಗಿಲದ ಚರಿತ್ರೆಗೂ ಕರ್ನಾಟಕಕ್ಕೂ ಒಂದು ನಿಜವಾದ ನಂಟಿದೆ. ಅದು ಎಲುಬಿನ ನಂಟಲ್ಲ, ಅಕ್ಷರದ ನಂಟು. ಅದನ್ನು ಗುರುತಿಸಿ, ಆ ಮೂಲಕ ದಾಖಲೆಯ ಸಂರಕ್ಷಣೆಯ ಬಗೆಗೆ ಒಂದು ಮಾತನ್ನು ಹೇಳುವುದು ಪ್ರಸ್ತುತ ಲೇಖನದ ಉದ್ದೇಶ.

1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವು ಸ್ಥಾಪಿತವಾಯಿತು. ಎಲ್. ರಾಮರಾವ್, ಬಿ. ಪಿ. ರಾಧಾಕೃಷ್ಣ ಮೊದಲಾದವರ ದುಡಿಮೆಯಿಂದ ಅದರ ಸಂಶೋಧನ ಪತ್ರಿಕೆಯು ದೇಶದಲ್ಲಿಯೇ ಮಾನ್ಯವಾಯಿತು. ಆ ಪತ್ರಿಕೆಯ 1971ರ ಸಂಪುಟದಲ್ಲಿ ಭೂವಿಜ್ಞಾನಿ ಎ. ರಂಗರಾವ್ ಅವರ ಬರಹವೊಂದು ಪ್ರಕಟವಾಯಿತು. ಜಮ್ಮುವಿನ ರಜೌರಿ ಪ್ರದೇಶದ ಕಾಲಾಕೋಟಿನ ಬಳಿ ದೊರೆತ ಕೆಲವು ಹಲ್ಲುಗಳನ್ನೂ ದವಡೆಯ ತುಣುಕುಗಳನ್ನೂ ವಿವರಿಸಿ, ಒಂದು ಅಳಿದ ಸ್ತನಿಗೆ 'ಇಂಡೋಹಯಸ್' ಎಂಬ ಹೆಸರನ್ನು ಅವರು ಅದರಲ್ಲಿ ಕೊಟ್ಟರು. ಹಂದಿ, ಜಿಂಕೆಗಳ ಹಾಗೆ ಸಮಸಂಖ್ಯೆಯ ಗೊರಸುಳ್ಳ ಗುಂಪಿಗೆ ಸೇರಿದ ಪುಟ್ಟ ಪ್ರಾಣಿ ಅದು. ತಿಮಿಂಗಿಲದೊಡನೆ ಅದಕ್ಕೆ ಸಂಬಂಧವಿದ್ದೀತೆಂಬ ಊಹೆ ಆಗ ಯಾರಿಗೂ ಇರಲಿಲ್ಲ.

ರಂಗರಾವ್ ಅವರು ಸಂಗ್ರಹಿಸಿದ್ದ ಕಲ್ಲುಗಳಲ್ಲಿ ಬಹುಪಾಲು ಒಡೆಯದೆಯೇ ಉಳಿದಿದ್ದವು. ಅವರ ನಿಧನಾನಂತರವೂ ಪತ್ನಿ ಆ ಕಲ್ಲುಗಳನ್ನು ಜೋಪಾನ ಮಾಡಿಕೊಂಡಿದ್ದು, ಮುಂದೆ ಅಮೆರಿಕದ ಪ್ರಾಗ್ಜೀವಿ ವಿಜ್ಞಾನಿ ಹಾನ್ಸ್ ತೆವಿಸ್ಸೆನ್ ಅವರ ಅಧ್ಯಯನಕ್ಕೆ ಒಪ್ಪಿಸಿದರು. ಕಲ್ಲನ್ನು ಬಿಡಿಸುವಾಗ ತಲೆಬುರುಡೆಯೊಂದರ ಕಿವಿಯ ಭಾಗವು ಆಕಸ್ಮಿಕವಾಗಿ ಮುರಿಯಿತು. ಮುರಿದ ಜಾಗದಲ್ಲಿ, ಕಿವಿಯ ಗೂಡಿನ ಒಳಗೋಡೆಯು ಅಸಾಮಾನ್ಯವಾಗಿ ದಪ್ಪವಾಗಿದ್ದುದು ಕಂಡಿತು. ಈ ಲಕ್ಷಣವು ಅಲ್ಲಿಯವರೆಗೆ ತಿಮಿಂಗಿಲ ಕುಲದ ಗುರುತೆಂದೇ ಎಣಿಸಲ್ಪಟ್ಟಿತ್ತು. 2007ರಲ್ಲಿ ತೆವಿಸ್ಸೆನ್, ಸುನಿಲ್ ಬಾಜಪೇಯಿ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿದರು. ಸುಮಾರು 4 ಕೋಟಿ 80 ಲಕ್ಷ ವರ್ಷಗಳ ಹಿಂದಿನ ಇಂಡೋಹಯಸ್ಸಿನ ಕಾಲಿನ ಮೂಳೆಗಳು ನೀರಿನಲ್ಲಿ ನಡೆದಾಡುವ ಪ್ರಾಣಿಗಳ ಮೂಳೆಗಳಂತೆ ದಪ್ಪಗೋಡೆಯವು. ಹಲ್ಲುಗಳಲ್ಲಿನ ಆಮ್ಲಜನಕದ ಐಸೊಟೋಪುಗಳೂ ಅದರ ನೀರಿನ ಬಾಳಿಗೆ ಸಾಕ್ಷಿ ನುಡಿದವು. ನಮ್ಮ ಮಲೆನಾಡಿನ ಬರ್ಕವನ್ನು ನೆನಪಿಗೆ ತರುವಂಥ ಈ ಪ್ರಾಣಿಯ ಬಳಗವು ತಿಮಿಂಗಿಲಗಳಿಗೆ ಅತಿ ಸಮೀಪದ ದಾಯಾದಿಯೆಂದು ಅವರು ತೋರಿಸಿಕೊಟ್ಟರು.

ಈ ತೀರ್ಮಾನವು ಬೇರೆ ಸಾಕ್ಷ್ಯಗಳ ಬೆಂಬಲವಿಲ್ಲದೆ ಬಂದುದಲ್ಲ. 1970ರ ದಶಕದಲ್ಲಿ ಅಶೋಕ್ ಸಾಹ್ನಿ ಮತ್ತು ವಿ. ಪಿ. ಮಿಶ್ರ ಅವರು ಕಚ್ಛಿನ ಪದರಗಳಿಂದ ಆದಿಮ ತಿಮಿಂಗಿಲಗಳನ್ನು ವಿವರಿಸಿದ್ದರು. 1981ರಲ್ಲಿ ಪಾಕಿಸ್ತಾನದ 'ಪಾಕಿಸೀಟಸ್', 1994ರಲ್ಲಿ ನಡೆಯಲೂ ಈಜಲೂ ಬಲ್ಲ 'ಆಂಬ್ಯುಲೊಸೀಟಸ್', 1998ರಲ್ಲಿ ಹಿಮಾಲಯದ ತಪ್ಪಲಿನ ಸುಬಾಥು ಪದರಗಳ 'ಹಿಮಾಲಯಸೀಟಸ್' ಬೆಳಕಿಗೆ ಬಂದವು. 2001ರಲ್ಲಿ ಆದಿ ತಿಮಿಂಗಿಲಗಳ ಹರಡಿನ ಮೂಳೆಗಳು ದೊರೆತಾಗ, ಅವು ಜಿಂಕೆ, ದನಗಳ ಹರಡಿನಲ್ಲಿರುವಂತೆಯೇ ಎರಡು ತುದಿಗಳಲ್ಲಿಯೂ ರಾಟೆಯಾಕಾರದಲ್ಲಿದ್ದುವು. ತಿಮಿಂಗಿಲದ ಜೀವಂತ ಬಂಧುಗಳಲ್ಲಿ ನೀರಾನೆಯೇ ಅತಿ ಹತ್ತಿರದ್ದೆಂದು ವಂಶವಾಹಿಗಳ ಅಧ್ಯಯನವು ಅದಾಗಲೇ ಸೂಚಿಸಿತ್ತು. ಹೀಗೆ ಟೆಥಿಸ್ ಸಾಗರದ ದಂಡೆಯಲ್ಲಿ, ಇಂದಿನ ಭಾರತ ಮತ್ತು ಪಾಕಿಸ್ತಾನಗಳ ನೆಲದಲ್ಲಿ, ನಾಲ್ಕು ಕಾಲಿನ ಪ್ರಾಣಿಯೊಂದು ಕಡಲಿಗಿಳಿದ ಕಥೆಯು ಸ್ಪಷ್ಟವಾಯಿತು.

ಆದರೆ ಇವೆಲ್ಲವೂ ಹಲ್ಲುಳ್ಳ ತಿಮಿಂಗಿಲಗಳು. ಇಂದಿನ ನೀಲಿ ತಿಮಿಂಗಿಲಕ್ಕೆ ಹಲ್ಲಿಲ್ಲ. ಅದರ ಮೇಲ್ದವಡೆಯಿಂದ ಉಗುರಿನ ದ್ರವ್ಯವಾದ ಕೆರಾಟಿನ್‌ನಿಂದ ಆದ ನೂರಾರು ತಟ್ಟೆಗಳು ಇಳಿಬಿದ್ದಿರುತ್ತವೆ. ಇವಕ್ಕೆ ಬಲೀನ್ ಎಂದು ಹೆಸರು. ಬಾಯ್ತುಂಬ ನೀರು ತುಂಬಿಕೊಂಡು, ಈ ಜರಡಿಯ ಮೂಲಕ ಅದನ್ನು ಹೊರದೂಡಿ, ಉಳಿದ ಸಣ್ಣ ಸಿಗಡಿಯಂಥ ಜೀವಿಗಳನ್ನು ಅದು ನುಂಗುತ್ತದೆ. 'ತಿಮಿ' ಎಂಬ ಮಹಾಮತ್ಸ್ಯವನ್ನೇ ನುಂಗುವುದೆಂಬ ಅರ್ಥದ 'ತಿಮಿಂಗಿಲ'ವೆಂಬ ಹೆಸರಿಗೂ ಈ ಆಹಾರಕ್ಕೂ ಇರುವ ಅಂತರವು ಕುತೂಹಲಕರವಾಗಿದೆ.

ಹಲ್ಲು ಹೋಗಿ ಜರಡಿ ಬಂದುದು ಹೇಗೆ? ಬಲೀನ್ ತಿಮಿಂಗಿಲದ ಭ್ರೂಣದಲ್ಲಿ ಹಲ್ಲಿನ ಮೊಗ್ಗುಗಳು ಮೂಡಿ, ಹುಟ್ಟುವ ಮೊದಲೇ ಕರಗಿಹೋಗುತ್ತವೆಂಬುದನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಫ್ರಾನ್ಸಿನ ಜಫ್ರಾ ಸೇಂಟ್ ಹಿಲೇರ್ ಗಮನಿಸಿದ್ದನು. ಹಲ್ಲಿನ ಹೊರಕವಚವನ್ನು ರೂಪಿಸುವ ವಂಶವಾಹಿಗಳು ಈ ಪ್ರಾಣಿಗಳಲ್ಲಿ ಕೆಟ್ಟ ಸ್ಥಿತಿಯಲ್ಲಿ ಇಂದಿಗೂ ಉಳಿದಿವೆ. ಶಿಲೆಯ ಸಾಕ್ಷ್ಯವು ದಕ್ಷಿಣಾರ್ಧಗೋಳದಿಂದ ಬಂದಿತು. 2017ರಲ್ಲಿ ಪೆರು ದೇಶದಿಂದ ವರದಿಯಾದ 'ಮಿಸ್ಟಕೊಡಾನ್' ಸುಮಾರು 3 ಕೋಟಿ 64 ಲಕ್ಷ ವರ್ಷ ಹಿಂದಿನದು. ಈ ಶಾಖೆಯ ಅತಿ ಪ್ರಾಚೀನ ಸದಸ್ಯನಾದರೂ ಅದಕ್ಕೆ ಹಲ್ಲುಗಳಿದ್ದವು. ಅಂಟಾರ್ಕ್ಟಿಕದ ಸೀಮೋರ್ ದ್ವೀಪದಲ್ಲಿ ದೊರೆತ 'ಲಾನೊಸೀಟಸ್' ಸುಮಾರು 3 ಕೋಟಿ 40 ಲಕ್ಷ ವರ್ಷ ಹಿಂದಿನ, ಎಂಟು ಮೀಟರ್ ಉದ್ದದ ಪ್ರಾಣಿ. ಅದಕ್ಕೂ ಚೂಪಾದ ಹಲ್ಲುಗಳಿದ್ದವು. 2018ರಲ್ಲಿ ವಿವರಿಸಲ್ಪಟ್ಟ ಅಮೆರಿಕದ ಆರೆಗನ್ ರಾಜ್ಯದ 'ಮೈಯಬಲೀನ'ಕ್ಕೆ ಹಲ್ಲೂ ಇರಲಿಲ್ಲ. ಬಲೀನ್ ಇದ್ದಿತೆನ್ನುವುದಕ್ಕೂ ಆಧಾರವಿಲ್ಲ. ಅದು ಆಹಾರವನ್ನು ಹೀರಿಕೊಳ್ಳುತ್ತಿದ್ದಿರಬೇಕೆಂದು ಅದನ್ನು ವಿವರಿಸಿದವರ ಮತ. ಹಲ್ಲೂ ಬಲೀನೂ ಕೆಲಕಾಲ ಒಂದೇ ಬಾಯಲ್ಲಿ ಜೊತೆಗಿದ್ದವೆಂದು ವಾದಿಸುವವರೂ ಇದ್ದಾರೆ. ಬಲೀನ್ ಮೃದುವಸ್ತುವಾದುದರಿಂದ ಕಲ್ಲಾಗಿ ಉಳಿಯುವುದು ಅಪರೂಪ. ವಿವಾದದ ಮೂಲವೂ ಇದೇ. ಇನ್ನು ಇವುಗಳ ಮಹಾಗಾತ್ರವಾದರೂ ಕಳೆದ ಕೆಲವೇ ದಶಲಕ್ಷ ವರ್ಷಗಳಲ್ಲಿ, ಹಿಮಯುಗದ ಕಡಲುಗಳಲ್ಲಿ ಆಹಾರವು ಅಲ್ಲಲ್ಲಿ ದಟ್ಟವಾಗಿ ಸೇರತೊಡಗಿದ ಮೇಲೆ ಬಂದುದೆಂದು 2017ರ ಅಧ್ಯಯನವೊಂದು ಹೇಳಿದೆ.

ಈ ಚರಿತ್ರೆಯಿಂದ ಶಾಸನಗಳ ನಾಡಿನವರಾದ ನಾವು ಗ್ರಹಿಸಬೇಕಾದುದೇನು? 1904ರಲ್ಲಿ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಓದಿ, ಅಚ್ಚುಹಾಕಿಸಿದ ಶಾಸನವು ಕಲ್ಲು ಕಳೆದುಹೋದರೂ ಉಳಿಯುತ್ತದೆ. ಆದರೆ ಅಚ್ಚಾದ ಮಾತ್ರಕ್ಕೆ ಮೂಲದ ಕೆಲಸ ಮುಗಿಯಿತೆನ್ನಲಾಗದು. ರಂಗರಾವ್ ಅವರ 1971ರ ಬರಹವು ಒಂದು ಪ್ರಾಣಿಗೆ ಹೆಸರು ಕೊಟ್ಟಿತು. ಆ ಹೆಸರಿನ ನಿಜವಾದ ಮಹತ್ವವನ್ನು 36 ವರ್ಷಗಳ ಅನಂತರ ತಿಳಿಸಿದ್ದು ಬಿಸಾಡದೆ ಉಳಿಸಿದ್ದ ಕಲ್ಲು. ಆ ಕಲ್ಲುಗಳನ್ನು ಯಾವುದೋ ಗೋಡೆಯ ಪಾಯಕ್ಕೆ ಹಾಕಿದ್ದರೆ ಬೆಂಗಳೂರಿನ ಪತ್ರಿಕೆಯಲ್ಲಿ ಹಲ್ಲುಗಳ ವರ್ಣನೆ ಮಾತ್ರ ಉಳಿದಿರುತ್ತಿತ್ತು, ತಿಮಿಂಗಿಲದ ಬಂಧುತ್ವ ತಿಳಿಯುತ್ತಿರಲಿಲ್ಲ.

ನಿಟ್ಟೂರಿನ ಬಸದಿಯ ಅಧಿದೇವತೆ ಶಾಂತಿನಾಥ ತೀರ್ಥಂಕರನ ಲಾಂಛನ ಜಿಂಕೆ. ಹೊಯ್ಸಳ ಶಿಲ್ಪಿಗಳು ಗುಡಿಗಳ ಪಟ್ಟಿಕೆಗಳಲ್ಲಿ ಅನೇಕ ಪ್ರಾಣಿಗಳ ಅಂಗಗಳನ್ನು ಕೂಡಿಸಿ ಮಕರವನ್ನು ಕಡೆದರು. ಗೊರಸಿನ ಪ್ರಾಣಿಗೂ ಕಡಲ ಪ್ರಾಣಿಗೂ ಮೂಲ ಒಂದೆಂಬುದು ಅವರಿಗೆ ತಿಳಿದಿರಲಿಲ್ಲ; ತಿಳಿದಿತ್ತೆಂದು ಹೇಳುವುದು ಚರಿತ್ರೆಗೆ ಮಾಡುವ ಅಪಚಾರವಾದೀತು. ಅದನ್ನು ನಮಗೆ ತಿಳಿಸಿದ್ದು ಕಾಲಾಕೋಟಿನ ಕಲ್ಲು. ಊರಿನ ಹೊಲದಂಚಿನ ಶಾಸನವಾಗಲಿ, ಬಸದಿಯ ಅಂಗಳದ ಮುರಿದ ಶಿಲ್ಪವಾಗಲಿ, ಕಲ್ಲುಗಣಿಯಲ್ಲಿ ಬಯಲಾದ ಪ್ರಾಚೀನ ಪದರವಾಗಲಿ, ಇಂದು ನಮಗೆ ಅರ್ಥವಾಗಲಿಲ್ಲವೆಂಬ ಕಾರಣಕ್ಕೆ ನಾಶವಾಗಬಾರದು. ಅದನ್ನು ಓದಬಲ್ಲವರು ಮುಂದೆ ಬರುವರೆಂಬ ನಂಬಿಕೆಯಿಂದ ಕಾಯ್ದಿಡುವುದೂ ಸಂಶೋಧನೆಯ ಕರ್ತವ್ಯವೇ ಆಗಿದೆ.