ಬೀಗ ಹಾಕಿದ ಡಯಲ್: ಕನ್ನಡ ಮಕ್ಕಳ ಪತ್ತೇದಾರಿ ಕಥೆ ಮತ್ತು ಟಿನ್ ಫ್ಯಾಕ್ಟರಿ ಸೀಮೆ

ಯಂತ್ರ ಬಿಚ್ಚಿ ಜೋಡಿಸುವ ಮಕ್ಕಳೇ ರಹಸ್ಯವನ್ನೂ ಭೇದಿಸುವ ಕಥೆಗಳು ಅಮೆರಿಕದಲ್ಲಿ ಒಂದು ಪರಂಪರೆಯಾಗಿ ಬೆಳೆದಿವೆ. 1956ರಲ್ಲಿ ಶುರುವಾದ ಡ್ಯಾನಿ ಡನ್ ಮಾಲೆ, 1964ರಲ್ಲಿ ರಾಬರ್ಟ್ ಆರ್ಥರ್ ಆರಂಭಿಸಿದ 'ತ್ರೀ ಇನ್ವೆಸ್ಟಿಗೇಟರ್ಸ್' ಮಾಲೆ ಇದಕ್ಕೆ ನಿದರ್ಶನ. ಕನ್ನಡದಲ್ಲಿ ಪತ್ತೇದಾರಿಯೂ ಉಂಟು, ವಿಜ್ಞಾನವೂ ಉಂಟು; ಎರಡನ್ನೂ ಒಂದೇ ಮಗುವಿನ ಕೈಗೆ ಕೊಡುವ ಕಥೆ ಮಾತ್ರ ಬೇರೂರಲಿಲ್ಲ. ನಮ್ಮಲ್ಲಿ ಕೈಗಾರಿಕೆಯ ಪರಿಸರವೇ ಇರಲಿಲ್ಲ ಎಂಬುದು ಸುಲಭದ ವಿವರಣೆ. ಬೆಂಗಳೂರಿನ ಟಿನ್ ಫ್ಯಾಕ್ಟರಿ ಸೀಮೆಯ ಮುಂದೆ ಅದು ನಿಲ್ಲುವುದಿಲ್ಲ. ಹಳೇ ಮದ್ರಾಸ್ ರಸ್ತೆಯ ಈ ನಿಲ್ದಾಣದ ಒಂದು ಬದಿಗೆ ಬೈಯಪ್ಪನಹಳ್ಳಿಯ ವಿದ್ಯುತ್ ಯಂತ್ರಗಳ ಕಾರ್ಖಾನೆ ಎನ್‌ಜಿಇಎಫ್ ಇತ್ತು; ಇನ್ನೊಂದು ಬದಿಗೆ 1948ರಲ್ಲಿ ಸ್ಥಾಪನೆಯಾದ ದೂರವಾಣಿ ಕಾರ್ಖಾನೆ ಐಟಿಐ, ಅದರ ಸುತ್ತಲಿನ ವಸತಿಗೆ ದೂರವಾಣಿನಗರವೆಂದೇ ಹೆಸರು. ದೇಶದ ಕಚೇರಿ, ಮನೆಗಳಿಗೆ ಡಯಲ್ ಫೋನು ತಯಾರಾದದ್ದು ಇಲ್ಲಿ. ಕಥೆಗೆ ಬೇಕಾದ ಸಾಮಗ್ರಿ ಇತ್ತು. ಅಡ್ಡಬಂದದ್ದು ನಮ್ಮ ಬರಹಗಾರರ ವಿಂಗಡಣೆ: ಯಂತ್ರದ ಒಳಗುಟ್ಟು ತಿಳಿವಳಿಕೆಯ ಪುಸ್ತಕಕ್ಕೆ, ರಹಸ್ಯ ಸಾಹಸದ ಪುಸ್ತಕಕ್ಕೆ.

ಡಯಲ್ ಫೋನನ್ನೇ ತೆಗೆದುಕೊಳ್ಳೋಣ. ಬೆರಳಿಟ್ಟು ತಿರುಗಿಸಿ ಬಿಟ್ಟ ತಟ್ಟೆ ವಾಪಸು ಬರುವಾಗ, ಅಂಕಿ ಎಷ್ಟೋ ಅಷ್ಟು ಸಲ ಲೈನು ಕಡಿದು ಕೂಡುತ್ತದೆ. ಸೊನ್ನೆಗೆ 10 ಸಲ. ಎಕ್ಸ್‌ಚೇಂಜು ಎಣಿಸುವುದು ಈ ಕಡಿತಗಳನ್ನು. ಎಸ್‌ಟಿಡಿ (ದೂರದ ಊರಿನ ಕರೆ) ಬಿಲ್ಲಿಗೆ ಹೆದರಿ ಎಷ್ಟೋ ಕಡೆ ಡಯಲಿನ ತೂತಿಗೆ ಪುಟ್ಟ ಬೀಗ ಜಡಿಯುತ್ತಿದ್ದರು. ಆದರೆ ರಿಸೀವರ್ ಇಡುವ ಜಾಗದ ಗುಂಡಿಯನ್ನು ಲಯ ತಪ್ಪದೆ ಬೇಗಬೇಗ ಒತ್ತಿ ಬಿಟ್ಟರೂ ಲೈನು ಹಾಗೆಯೇ ಕಡಿದು ಕೂಡುತ್ತದೆ, ಕರೆ ಹೋಗುತ್ತದೆ. ಬೀಗದ ಕೈ ಯಜಮಾನರ ಜೇಬಿನಲ್ಲೇ ಇದೆ, ಬಿಲ್ಲು ಮಾತ್ರ ಏರುತ್ತಿದೆ! ಮುಚ್ಚಿದ ಕೋಣೆಯ ಕೊಲೆಗಿಂತ ಇದೇನು ಕಡಿಮೆ ರಹಸ್ಯವಲ್ಲ. ಬಿಡಿಸಲು ಧೈರ್ಯವೊಂದೇ ಸಾಲದು, ಡಯಲಿನ ಕೆಲಸ ಗೊತ್ತಿರಬೇಕು; ಕಡಿತಗಳನ್ನು ಗುರುತು ಹಾಕುವ ಸಣ್ಣ ಸಾಧನವೊಂದನ್ನು ಮಗು ಕಟ್ಟಿದರೆ ತನ್ನ ಊಹೆಯನ್ನು ತಾನೇ ಪರೀಕ್ಷಿಸಬಹುದು. ಅಪ್ಪಟ ಆವಿಷ್ಕಾರ-ಕಥೆಯ ಲಕ್ಷಣವೇ ಇದು. 1958ರ ಹೋಂವರ್ಕ್ ಯಂತ್ರದ ಕಥೆಯಲ್ಲಿ ಡ್ಯಾನಿ ಮತ್ತು ಗೆಳೆಯರು ಕಂಪ್ಯೂಟರಿಗೆ ಪಾಠ ತುಂಬಿಸುತ್ತಲೇ ಪಾಠ ಕಲಿತುಬಿಡುತ್ತಾರೆ. 'ತ್ರೀ ಇನ್ವೆಸ್ಟಿಗೇಟರ್ಸ್' ಮಾಲೆಯ ಜೂಪಿಟರ್ ಜೋನ್ಸ್‌ನ ಉಪಕರಣಗಳೋ ಚಿಕ್ಕಪ್ಪನ ಗುಜರಿ ಅಂಗಳದಿಂದ ಎದ್ದು ಬಂದಂಥವು.

ಕನ್ನಡದಲ್ಲಿ ದಾರಿಗಳು ಬೇರೆಬೇರೆಯಾದವು. ಶಿವರಾಮ ಕಾರಂತರ 'ಬಾಲಪ್ರಪಂಚ' 1930ರ ದಶಕದಲ್ಲೇ ಮಕ್ಕಳಿಗೆ ಜಗತ್ತನ್ನು ಬಿಚ್ಚಿ ತೋರಿಸಿತು, ವಿಶ್ವಕೋಶವಾಗಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ದೊಡ್ಡವನು. ಅವನನ್ನು ಕದ್ದು ಓದಿದ ಮಕ್ಕಳಿಗೆ ಅವನ ಜಗತ್ತಿನಲ್ಲಿ ಜಾಗವಿರಲಿಲ್ಲ. 1979ರಲ್ಲಿ ಗೀತಪ್ರಿಯರು ನಿರ್ದೇಶಿಸಿದ 'ಪುಟಾಣಿ ಏಜೆಂಟ್ 123' ಮಕ್ಕಳಿಗೆ ಏಜೆಂಟರ ಪಟ್ಟ ಕೊಟ್ಟಿತಾದರೂ ಹೆಸರಿನಲ್ಲೇ 007ರ ನೆರಳಿದೆ. ಈಚಿನ ಬಾಲಸಾಹಿತ್ಯ ಪುರಸ್ಕಾರಗಳೂ ಹೆಚ್ಚಾಗಿ ಊರು-ಕಾಡುಗಳತ್ತಲೇ ನೋಡುತ್ತವೆ: 2011ರಲ್ಲಿ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'. ಆ ಕೃತಿಗಳ ಕೊರತೆಯೆಂದು ಇದನ್ನು ಹೇಳುತ್ತಿಲ್ಲ. ಬಾಲ್ಯವೆಂದರೆ ಮಲೆನಾಡು, ಕಾರ್ಖಾನೆಯೆಂದರೆ ದೊಡ್ಡವರ ಸಂಗತಿ ಎಂಬ ಒಪ್ಪಂದ ಎಷ್ಟು ಗಟ್ಟಿಯೆಂಬುದಕ್ಕೆ ಅವು ಸಾಕ್ಷಿ.

ತೇಜಸ್ವಿಯವರ 'ಕರ್ವಾಲೊ' (1980) ಇದಕ್ಕೆ ಅಪವಾದವಲ್ಲವೇ ಎಂದು ಕೇಳಬಹುದು. ಅದರಲ್ಲಿನ ಹಳ್ಳಿಯ ಯುವಕ ಮಂದಣ್ಣ ನಿಜಕ್ಕೂ ಇಂಥ ಮಗುವಿಗೆ ಹತ್ತಿರದವನು. ಆದರೆ ಅವನ ಬಲ ಕಣ್ಣಿನದು: ಹಾರುವ ಓತಿಯನ್ನು ಅವನು ಕಾಣುತ್ತಾನೆ, ಊಹೆಯನ್ನು ಪರೀಕ್ಷಿಸಲು ಏನನ್ನೂ ಕಟ್ಟುವುದಿಲ್ಲ, ಕಾದಂಬರಿಯೂ ಮಕ್ಕಳಿಗೆಂದು ಬರೆದದ್ದಲ್ಲ. ಫೋನೇ ಅಪರೂಪವಾಗಿದ್ದ ಕಾಲದಲ್ಲಿ ಅದರ ಕಥೆ ಯಾರಿಗೆ ಬೇಕಿತ್ತು ಎಂಬುದು ಇನ್ನೊಂದು ಆಕ್ಷೇಪ. 'ಚಂದಮಾಮ' ಓದಿದವರ ಮನೆಯಲ್ಲಿ ಬೇತಾಳವೂ ಇರಲಿಲ್ಲ. ಇವೆರಡಕ್ಕಿಂತ ತೂಕದ ಆಕ್ಷೇಪ ಭಾಷೆಯದು. ತಮಿಳು, ತೆಲುಗು, ಉರ್ದು, ಕನ್ನಡ ಬೆರೆತ ಪೂರ್ವ ಬೆಂಗಳೂರಿನ ಶಾಪ್ ಫ್ಲೋರಿನ ಮಾತನ್ನು ಶಿಷ್ಟ ಕನ್ನಡದ ಮಕ್ಕಳ ಗದ್ಯ ಹೇಗೆ ಹಿಡಿಯಬೇಕಿತ್ತು? ಕಷ್ಟವೇ ಸರಿ. ಆದರೂ ಅಂಥ ಮಾತಿನ ನಡುವೆ ಬೆಳೆದ ಕಾರ್ಮಿಕರೇ ತಮ್ಮ ಕನ್ನಡ ಸಂಘಗಳಲ್ಲಿ ನಾಟಕ ಆಡಿದರು, ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತಂದರು. ಸಾಹಿತ್ಯ ಚರಿತ್ರೆ ಆ ಸಂಚಿಕೆಗಳ ಮಕ್ಕಳ ಪುಟಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಡಯಲ್ ಬಿಚ್ಚುವ ಅಂಥ ಮಗುವನ್ನು ಹುಡುಕಬೇಕಾದರೆ ಮೊದಲು ಆ ಪುಟಗಳನ್ನು ತಿರುವಿಹಾಕಬೇಕು.