ಮಂಚೂರಿಯಾದಲ್ಲಿಲ್ಲದ ಮಂಚೂರಿ

ನಮ್ಮ ಮಲೆನಾಡಿನ ಕಡೆ ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುತ್ತಾರೆ. ಅದರ ತವರು ಅಮೆರಿಕ. ಹಿಂದಿಯವರು ಸಕ್ಕರೆಗೆ ಚೀನಿ ಎನ್ನುತ್ತಾರೆ. ಆದರೆ ಕಬ್ಬಿನ ಹಾಲಿನಿಂದ ಸಕ್ಕರೆ ಮಾಡುವ ವಿದ್ಯೆಯನ್ನು ಚೀನೀಯರು ಏಳನೆಯ ಶತಮಾನದಲ್ಲಿ ಕಲಿತುಕೊಂಡು ಹೋದದ್ದೇ ನಮ್ಮ ದೇಶದಿಂದ. ಹೊಸದೇನು ಕಂಡರೂ ಅದಕ್ಕೆ ಚೀನದ ಹೆಸರು ಅಂಟಿಸುವುದು ನಮ್ಮವರ ಹಳೆಯ ಚಾಳಿ ಇರಬೇಕು. ಸಂಜೆಯಾದರೆ ಊರೂರಿನ ಬಸ್‌ಸ್ಟ್ಯಾಂಡಿನ ಬಳಿ ತಳ್ಳುಗಾಡಿಯಲ್ಲಿ ಚುರ್ ಎನ್ನುವ ಗೋಬಿ ಮಂಚೂರಿಯ ಕತೆಯೂ ಇದೇ. ಚೀನದ ಈಶಾನ್ಯಕ್ಕಿರುವ ಮಂಚೂರಿಯಾದವರಿಗೆ ಅದರ ಗಂಧಗಾಳಿಯೂ ಗೊತ್ತಿಲ್ಲ.

ಅದು ಹುಟ್ಟಿದ್ದು 1975ರಲ್ಲಿ, ಮುಂಬಯಿಯಲ್ಲಿ. ಹುಟ್ಟಿಸಿದವರು ನೆಲ್ಸನ್ ವಾಂಗ್ ಎಂಬ ಅಡುಗೆಯವರು, 1950ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದವರು. ಅವರೇ ಹೇಳಿಕೊಂಡಿರುವಂತೆ, ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾಕ್ಕೆ ಬಂದ ಗಿರಾಕಿಯೊಬ್ಬರು ಹೊಸದೇನಾದರೂ ಮಾಡಿಕೊಡಿ ಎಂದರಂತೆ. ವಾಂಗ್ ನಮ್ಮಂತೆಯೇ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಬಾಡಿಸಿದರು. ಇನ್ನೇನು ಗರಂ ಮಸಾಲೆ ಬೀಳಬೇಕು ಎನ್ನುವ ಹೊತ್ತಿಗೆ ಅದರ ಬದಲು ಸೋಯಾ ಸಾಸ್ ಸುರಿದು, ಮೆಕ್ಕೆಜೋಳದ ಹಿಟ್ಟಿನಿಂದ ಗಟ್ಟಿ ಮಾಡಿ, ಕರಿದ ಕೋಳಿಯನ್ನು ಹಾಕಿದರು. ಮುಂದೆ ಕೋಳಿಯ ಜಾಗದಲ್ಲಿ ಹೂಕೋಸು ಕುಳಿತು ನಮ್ಮಂಥ ಶಾಕಾಹಾರಿಗಳ ಪಾಲಿಗೂ ಬಂತು. ಹೂಕೋಸೂ ಪರದೇಶಿಯೇ, 1822ರಲ್ಲಿ ಆಂಗ್ಲರು ತಂದದ್ದು.

ಕಳೆದ ದಸರೆ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಮಗಳು, ಅಳಿಯ ನನ್ನನ್ನು ‘ಏಷ್ಯನ್ ಫ್ಯೂಷನ್’ ಎಂಬ ಬೋರ್ಡು ಹೊತ್ತ ಹೋಟೆಲಿಗೆ ಕರೆದೊಯ್ದರು. ಒಳಗೆ ಅರೆಗತ್ತಲೆ, ಮೂಲೆಯಲ್ಲೊಬ್ಬ ನಗುವ ಬುದ್ಧ. ಮೊದಲು ಥಾಯ್ಲೆಂಡಿನ ಸೂಪಿಗೂ ನಮ್ಮ ಸಾರಿಗೂ ಮದುವೆ ಮಾಡಿಸಿದ ದ್ರವವೊಂದು ಬಂತು. ಮಜ್ಜಿಗೆಹುಲ್ಲಿನ ವಾಸನೆಯಿತ್ತು, ಹುಳಿಯೂ ಇಲ್ಲ, ಖಾರವೂ ಇಲ್ಲ. ಜಪಾನಿನ ಸುಶಿ ಎಂದು ತಣ್ಣನೆಯ ಅನ್ನದ ಸುರುಳಿಯೊಳಗೆ ಪನೀರನ್ನೂ ಮಾವಿನ ಉಪ್ಪಿನಕಾಯಿಯನ್ನೂ ಇಟ್ಟುಕೊಟ್ಟರು. “ಹೇಗಿದೆಯಮ್ಮಾ?” ಎಂದಳು ಮಗಳು. “ತಂಗಳನ್ನಕ್ಕೆ ಮೊಸರಾದರೂ ಬೇಕಲ್ಲೇ” ಎಂದೆ. ಅಳಿಯ ನಕ್ಕು, “ಅತ್ತೆ, ಇದಕ್ಕೇ ಇಲ್ಲಿ ಕ್ಯೂ ನಿಲ್ಲೋದು” ಎಂದರು. ಮೂವರಿಗೆ ಮೂರು ಸಾವಿರದ ಎಂಟುನೂರು ರೂಪಾಯಿ ಬಿಲ್ಲು. ಮನೆಗೆ ಬಂದು ಮೊಸರನ್ನ ಕಲೆಸಿಕೊಂಡದ್ದು ಅಳಿಯನೇ!

ಬೆರಕೆ ಎಂಬ ಕಾರಣಕ್ಕೆ ನಾನು ಮೂಗು ಮುರಿಯುತ್ತಿಲ್ಲ. ನಮ್ಮ ಸಾರಿನ ಮೆಣಸಿನಕಾಯಿ, ಟೊಮೇಟೊ, ಪಲ್ಯದ ಆಲೂಗೆಡ್ಡೆ ಎಲ್ಲವೂ ಅಮೆರಿಕದಿಂದ ಹಡಗು ಹತ್ತಿ ಬಂದವೇ. ಇದು ಮರೆತುಹೋಗದಂತೆ ನೋಡಿಕೊಂಡಿರುವುದು ಶ್ರಾದ್ಧದ ಅಡುಗೆ. ಅಲ್ಲಿ ಇಂದಿಗೂ ಟೊಮೇಟೊ, ಆಲೂಗೆಡ್ಡೆ, ಕೋಸು ಕೂಡದು. ಖಾರಕ್ಕೆ ಕಾಳುಮೆಣಸೇ ಆಗಬೇಕು. ಯಾವ ತರಕಾರಿ ಯಾವಾಗ ಬಂತೆಂದು ಇತಿಹಾಸದ ಪುಸ್ತಕ ನೋಡಬೇಕಿಲ್ಲ, ತಿಥಿಯ ಎಲೆ ನೋಡಿದರೆ ಸಾಕು ಎಂದು ನಾನು ಮಕ್ಕಳಿಗೆ ಹೇಳುವುದುಂಟು. ಆದರೆ ಆ ಬೆರಕೆಗಳನ್ನು ಅಡುಗೆಮನೆಯಲ್ಲಿ ಹೆಂಗಸರು ತಲೆಮಾರುಗಟ್ಟಲೆ ಉಪ್ಪು ಹುಳಿ ನೋಡಿ ಪಳಗಿಸಿದರು. ಕಲ್ಕತ್ತೆಯ ಚೀನೀಯರ ಬೆರಕೆಯೂ ಅಂಥದೇ, ಹೊಟ್ಟೆಪಾಡಿನದು.

ಅವರ ಕತೆ ದೊಡ್ಡದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಾರನ್ ಹೇಸ್ಟಿಂಗ್ಸನ ಕಾಲದಲ್ಲಿ ಅಚ್ಯೂ ಎಂಬ ವ್ಯಾಪಾರಿ ಬಂದು ಹೂಗ್ಲಿ ನದಿಯ ದಡದಲ್ಲಿ ಸಕ್ಕರೆ ಕಾರ್ಖಾನೆ ಹಾಕಿದ. ಆ ಜಾಗಕ್ಕೆ ಇಂದಿಗೂ ಅಚಿಪುರ ಎಂದೇ ಹೆಸರು. ಆಮೇಲೆ ಬಂದವರಲ್ಲಿ ಕ್ಯಾಂಟನ್ನಿನವರು ಬಡಗಿಗಳಾದರು, ಹೂಬೆಯವರು ಹಲ್ಲಿನ ವೈದ್ಯರಾದರು, ಹಕ್ಕಾ ಜನ ಟಾಂಗ್ರಾದಲ್ಲಿ ಚರ್ಮ ಹದಮಾಡಿದರು. ಅವರ ಹೆಣ್ಣುಮಕ್ಕಳು ನಮ್ಮ ನಗರಗಳಲ್ಲಿ ಬ್ಯೂಟಿ ಪಾರ್ಲರ್ ತೆರೆದರು. 1996ರಲ್ಲಿ ಸುಪ್ರೀಂ ಕೋರ್ಟು ಚರ್ಮದ ಕಾರ್ಖಾನೆಗಳನ್ನು ಊರಾಚೆಗೆ ಸಾಗಿಸಲು ಹೇಳಿದ ಮೇಲೆ ಟಾಂಗ್ರಾದ ಎಷ್ಟೋ ಕಾರ್ಖಾನೆಗಳು ಹೋಟೆಲುಗಳಾದವು. ನಮ್ಮ ಮೆನು ಕಾರ್ಡಿನ ‘ಹಕ್ಕಾ ನೂಡಲ್ಸ್’ ಎಂಬ ಹೆಸರು ಈ ಜನರದು.

ಶಾಲೆಯಲ್ಲಿ 1962ರ ಯುದ್ಧದ ಪಾಠ ಮಾಡುವಾಗ ಮ್ಯಾಕ್‌ಮಹೋನ್ ರೇಖೆ ಹೇಳುತ್ತೇವೆ, ಪಂಚಶೀಲ ಹೇಳುತ್ತೇವೆ. ದೇವಲಿ ಎಂಬ ಊರಿನ ಹೆಸರು ಹೇಳುವುದಿಲ್ಲ. ಯುದ್ಧ ಶುರುವಾದ ಮೇಲೆ ಅಸ್ಸಾಂ, ಬಂಗಾಳಗಳಲ್ಲಿದ್ದ ಸುಮಾರು 3,000 ಚೀನೀ ಮೂಲದವರನ್ನು ಹಿಡಿದು, ರೈಲಿನಲ್ಲಿ ದಿನಗಟ್ಟಲೆ ಸಾಗಿಸಿ, ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಲಾಯಿತು. ವಿಚಾರಣೆಯಿಲ್ಲ, ಆರೋಪವಿಲ್ಲ. ಅವರಲ್ಲಿ ಇಲ್ಲೇ ಹುಟ್ಟಿ ಬೆಳೆದವರಿದ್ದರು, ಕೈಗೂಸಿನ ತಾಯಂದಿರಿದ್ದರು, ಚೀನೀ ಗಂಡನನ್ನು ಕಟ್ಟಿಕೊಂಡ ಅಸ್ಸಾಮಿ ಹೆಣ್ಣುಮಕ್ಕಳಿದ್ದರು. ಯುದ್ಧ ಮುಗಿದದ್ದು ಒಂದೇ ತಿಂಗಳಲ್ಲಿ. ಕೆಲವರು ಹೊರಬಂದದ್ದು 1967ರಲ್ಲಿ. ಮನೆ, ಅಂಗಡಿ ಹರಾಜಾಗಿದ್ದವು. ಕೆಲವರನ್ನು ಹಡಗು ಹತ್ತಿಸಿ, ತಾವು ಕಂಡೇ ಇಲ್ಲದ ಚೀನಕ್ಕೆ ಕಳಿಸಲಾಯಿತು. ಆಗ ಕಲ್ಕತ್ತೆಯ ನೆಲ್ಸನ್ ವಾಂಗ್ ಹನ್ನೆರಡರ ಹುಡುಗ. ಹದಿಮೂರು ವರ್ಷದ ನಂತರ ಅವರ ಬಾಣಲೆಯಿಂದ ಎದ್ದದ್ದನ್ನು ದೇಶಕ್ಕೆ ದೇಶವೇ ಚಪ್ಪರಿಸಿತು.

ತಳ್ಳುಗಾಡಿಯ ಗೋಬಿಯನ್ನೇನೂ ನಾನು ಹೊಗಳುತ್ತಿಲ್ಲ. 2024ರ ಮಾರ್ಚಿಯಲ್ಲಿ ನಮ್ಮ ಸರಕಾರ ಪರೀಕ್ಷಿಸಿದ 171 ಮಾದರಿಗಳಲ್ಲಿ 107ರಲ್ಲಿ ತಿನ್ನಬಾರದ ಬಣ್ಣಗಳಿದ್ದವು. ಕೃತಕ ಬಣ್ಣಕ್ಕೆ ನಿಷೇಧ ಬಂತು. ಒಳ್ಳೆಯದೇ ಆಯಿತು. ಬ್ಯಾಡಗಿ ಮೆಣಸಿನಕಾಯಿಯ ನಾಡಿನಲ್ಲಿ ಕೆಂಪಿಗೇನು ಬರಗಾಲ?

ದೇವಲಿಯಿಂದ ಬಿಡುಗಡೆಯಾದವರಲ್ಲಿ ಹಲವರು ಮುಂದೆ ಕೆನಡಾ ಸೇರಿದರು. ಭಾರತ ಸರಕಾರದ ಕ್ಷಮೆಯ ಒಂದು ಮಾತಿಗಾಗಿ ಅಲ್ಲಿಂದಲೇ ಪತ್ರ ಬರೆದರು. ಟೊರಾಂಟೊದಲ್ಲಿ ‘ಹಕ್ಕಾ’ ಎಂಬ ಬೋರ್ಡಿನ ಹೋಟೆಲುಗಳಿವೆ. ಕಲ್ಕತ್ತೆ ಬಿಟ್ಟುಹೋದ ಚೀನೀಯರು ತೆರೆದವು. ಅಲ್ಲಿರುವ ನಮ್ಮವರು ಊರಿನ ರುಚಿ ಬೇಕೆನಿಸಿದಾಗ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಮಂಚೂರಿ ತಿಂದು ಬರುತ್ತಾರೆ.