ಊರು ಬಂದಿತು, ಕೈಫಿಯತ್ತು ಬರಲಿಲ್ಲ

ಕೈಫಿಯತ್ತೆಂದರೆ ಊರಿನ ವೃತ್ತಾಂತ. ಊರು ಕಟ್ಟಿದವರು, ಆಳಿದವರು, ದೇವಸ್ಥಾನಕ್ಕೆ ಭೂಮಿ ಬಿಟ್ಟವರು ಯಾರೆಂದು ಸ್ಥಳೀಯರು ಹೇಳಿ ಬರೆಯಿಸಿದ ಬರಹ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಮೈಸೂರು ಸೀಮೆಯನ್ನು ಅಳೆಯಲು ಬಂದ ಕಾಲಿನ್ ಮೆಕೆಂಜಿ ಇಂತಹವನ್ನು ರಾಶಿರಾಶಿಯಾಗಿ ಸಂಗ್ರಹಿಸಿದನು. ಅವನಿಗೆ ನಮ್ಮ ಭಾಷೆಗಳು ಬಾರವು. ಆ ಕೆಲಸ ನಡೆದದ್ದು ಕಾವಲಿ ವೆಂಕಟ ಬೊರ್ರಯ್ಯ, ಆತನ ತಮ್ಮ ಲಕ್ಷ್ಮಯ್ಯ ಮೊದಲಾದವರಿಂದ. 'ರಾಜಾವಳಿ ಕಥೆ'ಯ ಕರ್ತೃ, ಕನಕಗಿರಿಯ ದೇವಚಂದ್ರನೂ 1804ರಲ್ಲಿ ಮೆಕೆಂಜಿಯನ್ನು ಕಂಡು ನೆರವಾದವನು.

ಕಚೇರಿಯ ಕಡತಗಳಲ್ಲಿ ಪಳಗಿದ ನಮಗೆ ಇವನ್ನು ಓದುವಾಗ ಒಂದು ಸಂಶಯ ಬಿಡದು. ಕೇಳುತ್ತಿದ್ದವನು ಕಂಪನಿಯ ಅಧಿಕಾರಿ. ಹೇಳುತ್ತಿದ್ದವರಲ್ಲಿ ಇನಾಂ ಭೂಮಿಯನ್ನು ಉಳಿಸಿಕೊಳ್ಳಬೇಕಾದವರೂ ಇದ್ದರು. ಆದ್ದರಿಂದ ದಾನದ ಕಥೆಯನ್ನು ಚರಿತ್ರೆಯೆಂದು ಓದುವಂತೆಯೇ ಅರ್ಜಿಯೆಂದೂ ಓದಬೇಕಾಗುತ್ತದೆ. ಅದರಿಂದ ಅದರ ಬೆಲೆ ಕುಂದುವುದಿಲ್ಲ. ಆ ಕಾಲದ ಭಯವೂ ಚರಿತ್ರೆಯೇ.

ಮೆಕೆಂಜಿ 1821ರಲ್ಲಿ ತೀರಿಕೊಂಡನು. ಸಂಗ್ರಹವನ್ನು ಕಂಪನಿ ಕೊಂಡಿತು. ಒಂದು ಪಾಲು ಲಂಡನ್ನಿಗೆ ಹೋಯಿತು, ದಕ್ಷಿಣ ಭಾಷೆಗಳ ಪಾಲು ಮದರಾಸಿಗೆ ಮರಳಿತು. ಚೆಪಾಕಿನ ಮದರಾಸು ವಿಶ್ವವಿದ್ಯಾಲಯದ ಗ್ರಂಥಾಲಯ ಕಟ್ಟಡದಲ್ಲಿದ್ದ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಅದು ಬಹುಕಾಲ ಇದ್ದಿತು. 1953ರಲ್ಲಿ ಬಳ್ಳಾರಿ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿತು; ಆ ಸೀಮೆಯ ಕೈಫಿಯತ್ತುಗಳು ಸೇರಲಿಲ್ಲ. ಎಂ. ಎಂ. ಕಲಬುರ್ಗಿಯವರ ಸಂಪಾದನೆಯಿಂದ ಕನ್ನಡ ಕೈಫಿಯತ್ತುಗಳು ಅಚ್ಚಿನಲ್ಲಿ ದೊರೆಯುವಂತಾದವು. ಆದರೂ ಒಂದು ಅಕ್ಷರದಲ್ಲಿ ಸಂದೇಹ ಬಂದರೆ ನಾವು ಚೆನ್ನೈಗೇ ಹೋಗಬೇಕು. ಅಲ್ಲಿರುವ ನಮ್ಮ ಬಳಗದವರಿಗಾದರೋ ಅದು ಸಿಟಿ ಬಸ್ಸಿನ ದೂರ.